ಎರಡೇ ವರ್ಷದಲ್ಲಿ ಬಂಡವಾಳ ವಾಪಸ್ಸು ಎಂಬ ಲೆಕ್ಕವನ್ನು ನಂಬಬಹುದೇ?

ಬಂಡವಾಳ ಹೂಡಿಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾರಟಗಿ ಸಮೀಪ ನಮ್ಮ ಪಾಲುದಾರಿಕೆ ಸಂಸ್ಥೆಯ ಅಕ್ಕಿ ಗಿರಣಿ ಇದೆ. ವರ್ಷಕ್ಕೆ ಸುಮಾರು 36,000 ಕ್ವಿಂಟಲ್ ಅಕ್ಕಿ ತಯಾರಾಗುತ್ತದೆ. ಬಣ್ಣ ನೋಡಿ ಕಪ್ಪು ಕಾಳು, ಕಲ್ಲು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರವನ್ನು 45 ಲಕ್ಷ ರೂಪಾಯಿಗೆ ಕೊಡುವುದಾಗಿ ಮಾರಾಟದವರು ಹೇಳಿದ್ದಾರೆ. ಸಾರ್ಟೆಕ್ಸ್ ಮಾಡಿದ ಅಕ್ಕಿಗೆ ಕ್ವಿಂಟಲ್‌ಗೆ 60 ರೂಪಾಯಿ ಹೆಚ್ಚು ಸಿಗುವುದರಿಂದ ವರ್ಷಕ್ಕೆ 21.6 ಲಕ್ಷ ಲಾಭ, ಎರಡೇ ವರ್ಷದಲ್ಲಿ ಬಂಡವಾಳ ವಾಪಸ್ಸು ಎಂಬುದು ಅವರ ಲೆಕ್ಕ. ಸದ್ಯ 9,000 ಕ್ವಿಂಟಲ್‌ನಷ್ಟು ಅಕ್ಕಿಯನ್ನು ಪಕ್ಕದ ಗಿರಣಿಗೆ ಕಳಿಸಿ, ಸಾಗಣೆಯೂ ಸೇರಿ ಕ್ವಿಂಟಲ್‌ಗೆ 40 ರೂಪಾಯಿ ಕೊಟ್ಟು ಸಾರ್ಟೆಕ್ಸ್ ಮಾಡಿಸುತ್ತಿದ್ದೇವೆ. ಯಂತ್ರಕ್ಕೆಂದೇ ಕಳೆದ ವರ್ಷ 4 ಲಕ್ಷ ಖರ್ಚು ಮಾಡಿ ಶೆಡ್ ಕಟ್ಟಿಸಿದ್ದೇವೆ. ಆಡಿಟರು ಎನ್‌ಪಿವಿ (ಮುಂದೆ ಬರುವ ಹಣದ ಇಂದಿನ ಬೆಲೆಯಿಂದ ಹೂಡಿಕೆ ಕಳೆದ ಮೊತ್ತ) ನೋಡಿ ಎನ್ನುತ್ತಾರೆ, ಬ್ಯಾಂಕಿನವರು ಡಿಎಸ್‌ಸಿಆರ್ (ಕೈಗೆ ಬರುವ ನಗದು ಸಾಲದ ಕಂತು, ಬಡ್ಡಿಯ ಎಷ್ಟು ಪಟ್ಟು ಎಂಬ ಅನುಪಾತ) ಕೇಳುತ್ತಾರೆ. ಯಾವುದನ್ನು ನಂಬುವುದು?

ಉತ್ತರ: ಮೂವರೂ ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿದ್ದಾರೆ. ಹಾಕಿದ ಹಣ ಎಷ್ಟು ಬೇಗ ಕೈಗೆ ಬರುತ್ತದೆ ಎಂಬುದನ್ನು ಮಾರಾಟದವರು ಹೇಳುತ್ತಿದ್ದಾರೆ. ಯಂತ್ರದ ಪೂರ್ತಿ ಆಯುಷ್ಯದಲ್ಲಿ ನಿಮ್ಮ ಆಸ್ತಿ ಹೆಚ್ಚುತ್ತದೆಯೇ ಎಂಬುದನ್ನು ಆಡಿಟರು ನೋಡುತ್ತಿದ್ದಾರೆ. ಕಂತು ಕಟ್ಟಲು ಪ್ರತಿ ವರ್ಷ ಕೈಯಲ್ಲಿ ನಗದು ಇರುತ್ತದೆಯೇ ಎಂಬುದು ಬ್ಯಾಂಕಿನ ಚಿಂತೆ. ಯಾವ ವಿಧಾನ ಎಂಬುದಕ್ಕಿಂತ ಅದರೊಳಗೆ ಹಾಕುವ ಅಂಕಿಗಳು ಮುಖ್ಯವಾದುದರಿಂದ ಮೊದಲು 21.6 ಲಕ್ಷವನ್ನೇ ಪರೀಕ್ಷಿಸೋಣ.

ಯಂತ್ರ ಕೊಂಡರೆ ಬರುವ ನಗದು ಎಷ್ಟು, ಕೊಳ್ಳದಿದ್ದರೆ ಬರುವ ನಗದು ಎಷ್ಟು, ಇವೆರಡರ ವ್ಯತ್ಯಾಸ ಮಾತ್ರ ಯಂತ್ರದ ಗಳಿಕೆ. ಹೊರಗೆ ಮಾಡಿಸುತ್ತಿರುವ 9,000 ಕ್ವಿಂಟಲ್‌ಗೆ 60 ರೂಪಾಯಿ ಹೆಚ್ಚಿನ ಬೆಲೆ ನಿಮಗೆ ಈಗಾಗಲೇ ಸಿಗುತ್ತಿದೆ. ಅಲ್ಲಿ ಹೊಸ ಯಂತ್ರದಿಂದ ಉಳಿಯುವುದು 40 ರೂಪಾಯಿಯ ಕೂಲಿ ಮತ್ತು ಸಾಗಣೆ ಮಾತ್ರ, ಅಂದರೆ 3.6 ಲಕ್ಷ. ಉಳಿದ 27,000 ಕ್ವಿಂಟಲ್‌ಗೆ 60 ರೂಪಾಯಿಯಂತೆ 16.2 ಲಕ್ಷ. ಒಟ್ಟು 19.8 ಲಕ್ಷ. ಇದರಿಂದ ವಿದ್ಯುತ್ತು, ಕಂಪ್ರೆಸರ್, ಆಪರೇಟರ್ ಸಂಬಳ, ಎಜೆಕ್ಟರ್ ಮುಂತಾದ ಬಿಡಿಭಾಗಗಳು, ಕಪ್ಪು ಕಾಳಿನ ಜೊತೆ ಹೊರಬೀಳುವ ಒಳ್ಳೆಯ ಅಕ್ಕಿಯ ನಷ್ಟ, ಇವೆಲ್ಲ ಕಳೆಯಬೇಕು. ನೀವು ಪತ್ರದ ಜೊತೆ ಕಳಿಸಿದ ಅಂದಾಜುಗಳನ್ನು ಕೂಡಿಸಿದಾಗ ವರ್ಷಕ್ಕೆ 7.8 ಲಕ್ಷ ಆಗುತ್ತದೆ. ಉಳಿಯುವುದು 12 ಲಕ್ಷ.

ಹೂಡಿಕೆಯೂ 45 ಲಕ್ಷಕ್ಕೆ ನಿಲ್ಲುವುದಿಲ್ಲ. ಕಂಪ್ರೆಸರ್, ಎಲಿವೇಟರ್, ವೈರಿಂಗ್ ಸೇರಿ 5 ಲಕ್ಷ ಬೇಕು. ಸಾರ್ಟೆಕ್ಸ್ ಅಕ್ಕಿ ಕೊಳ್ಳುವ ದೊಡ್ಡ ವ್ಯಾಪಾರಿಗಳು ಉದ್ದರಿ ಕೇಳುತ್ತಾರೆಂದು ನೀವೇ ಬರೆದಿದ್ದೀರಿ. ಅದಕ್ಕೆ ಸಿಕ್ಕಿಕೊಳ್ಳುವ ದುಡಿಯುವ ಬಂಡವಾಳ ಇನ್ನೊಂದು 5 ಲಕ್ಷ. ಅಲ್ಲಿಗೆ ಹೂಡಿಕೆ 55 ಲಕ್ಷ. ಶೆಡ್ಡಿನ 4 ಲಕ್ಷವನ್ನು ಇದಕ್ಕೆ ಸೇರಿಸಬೇಡಿ. ಆ ಹಣ ಖರ್ಚಾಗಿ ಹೋಗಿದೆ, ಯಂತ್ರ ತಂದರೂ ಬಿಟ್ಟರೂ ಹಿಂದಿರುಗುವುದಿಲ್ಲ. ಆದರೆ ಆ ಶೆಡ್ಡನ್ನು ಗೋದಾಮಾಗಿ ಬಾಡಿಗೆಗೆ ಕೊಡುವ ಅವಕಾಶ ನಿಜವಾಗಿ ಇದ್ದರೆ, ಕೈಬಿಟ್ಟುಹೋಗುವ ಬಾಡಿಗೆಯನ್ನು ಯಂತ್ರದ ಖರ್ಚಿನಲ್ಲಿ ಹಿಡಿಯಬೇಕಾಗುತ್ತದೆ. ಶೆಡ್ ಕಟ್ಟಿದ್ದಾಗಿದೆ, ಇನ್ನು ಯಂತ್ರ ತರದೆ ಹೇಗೆ ಎಂಬ ಮಾತು ಮನೆಯಲ್ಲಿ ಸಹಜವಾಗಿ ಬರುತ್ತದೆ. ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ಈಗ ಡಿಸ್ಕೌಂಟ್ ದರ, ಅಂದರೆ ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರ. ನಿಮ್ಮ ಯೋಜನೆಯಲ್ಲಿ ಶೇ 60 ಭಾಗ ಬ್ಯಾಂಕ್ ಸಾಲ, ಬಡ್ಡಿ ಶೇ 10.5. ಪಾಲುದಾರಿಕೆ ಸಂಸ್ಥೆಗೆ ಶೇ 30ರ ತೆರಿಗೆ ಮತ್ತು ಅದರ ಮೇಲೆ ಶೇ 4ರ ಸೆಸ್ ಸೇರಿ ಶೇ 31.2 ಆಗುತ್ತದೆ. ಬಡ್ಡಿ ಕಟ್ಟಿದಷ್ಟಕ್ಕೆ ಆ ತೆರಿಗೆ ಉಳಿಯುವುದರಿಂದ ಸಾಲದ ನಿಜವಾದ ವೆಚ್ಚ ಶೇ 7.2ರ ಸುಮಾರು. ನಿಮ್ಮ ಸ್ವಂತ ಹಣವನ್ನು ಭತ್ತದ ವ್ಯಾಪಾರದಲ್ಲಿ ತೊಡಗಿಸಿದರೆ ಶೇ 18 ಸಿಗುತ್ತದೆ ಎಂದು ಬರೆದಿದ್ದೀರಿ. ಎರಡನ್ನೂ ಅವುಗಳ ಪಾಲಿಗೆ ತಕ್ಕಂತೆ ಬೆರೆಸಿದರೆ ಶೇ 11.5 ಬರುತ್ತದೆ, ಶೇ 12 ಎಂದು ಹಿಡಿಯೋಣ. ಈ ದರದಲ್ಲಿ ಮುಂದಿನ ವರ್ಷ ಬರುವ 1 ರೂಪಾಯಿಗೆ ಇಂದಿನ ಬೆಲೆ 89 ಪೈಸೆ, ಎಂಟನೆಯ ವರ್ಷ ಬರುವ 1 ರೂಪಾಯಿಗೆ 40 ಪೈಸೆ. ಸಾಲದ ಬಡ್ಡಿ ಈ ದರದೊಳಗೇ ಅಡಗಿರುವುದರಿಂದ 12 ಲಕ್ಷದಿಂದ ಅದನ್ನು ಮತ್ತೆ ಕಳೆಯಬಾರದು. ಅನೇಕ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಬಡ್ಡಿಯನ್ನು ಹೀಗೆ ಎರಡು ಬಾರಿ ಕಳೆದಿರುತ್ತಾರೆ, ಅದರ ಪಕ್ಕದಲ್ಲೇ ದುಡಿಯುವ ಬಂಡವಾಳವನ್ನು ಒಮ್ಮೆಯೂ ಹಿಡಿದಿರುವುದಿಲ್ಲ.

ತೆರಿಗೆ ಕಳೆದರೆ 12 ಲಕ್ಷದಲ್ಲಿ ಉಳಿಯುವುದು 8.26 ಲಕ್ಷ. ಯಂತ್ರಕ್ಕೆ ಎಂಟು ವರ್ಷದ ಆಯುಷ್ಯ ಹಿಡಿದರೆ ಇದರ ಇಂದಿನ ಬೆಲೆ 41 ಲಕ್ಷ. ಸವಕಳಿ ಕೈಯಿಂದ ಹೋಗುವ ಹಣವಲ್ಲ, ಆದರೆ ತೆರಿಗೆಯನ್ನು ಉಳಿಸುತ್ತದೆ. ಸಾಮಾನ್ಯ ಯಂತ್ರಗಳಿಗೆ ಆದಾಯ ತೆರಿಗೆಯಲ್ಲಿ ಇಳಿಕೆ ಬಾಕಿ ಪದ್ಧತಿಯಂತೆ, ಅಂದರೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ, ಶೇ 15 ಸವಕಳಿ ಇದೆ. ದುಡಿಯುವ ಬಂಡವಾಳ ಬಿಟ್ಟು ಉಳಿದ 50 ಲಕ್ಷದ ಮೇಲೆ ಎಂಟು ವರ್ಷ ಹೀಗೆ ಉಳಿಯುವ ತೆರಿಗೆಯ ಇಂದಿನ ಬೆಲೆ 7.7 ಲಕ್ಷ. ಕೊನೆಯಲ್ಲಿ ಯಂತ್ರ ಮಾರಿದರೆ ಬರುವ 6 ಲಕ್ಷ ಮತ್ತು ಬಿಡುಗಡೆಯಾಗುವ ದುಡಿಯುವ ಬಂಡವಾಳ 5 ಲಕ್ಷ, ಇವೆರಡರ ಇಂದಿನ ಬೆಲೆ 4.4 ಲಕ್ಷ. ಮೂರನ್ನೂ ಕೂಡಿದರೆ 53.2 ಲಕ್ಷ ಆಗುತ್ತದೆ; ಹೂಡಿಕೆ 55 ಲಕ್ಷ. ನಿವ್ವಳ ಪ್ರಸಕ್ತ ಮೌಲ್ಯ, ಅಂದರೆ ನಿಮ್ಮ ಆಡಿಟರು ಹೇಳುವ ಎನ್‌ಪಿವಿ, 1.8 ಲಕ್ಷ ಋಣವಾಗಿದೆ. ಎರಡು ವರ್ಷದಲ್ಲಿ ಬಂಡವಾಳ ವಾಪಸ್ಸು ಎಂದು ಹೇಳಿದ ಯಂತ್ರ, ಎಂಟು ವರ್ಷ ಓಡಿದರೂ ನಿಮ್ಮ ಹಣಕ್ಕೆ ನೀವು ಬಯಸುವ ಪ್ರತಿಫಲವನ್ನು ಪೂರ್ತಿಯಾಗಿ ಕೊಡುತ್ತಿಲ್ಲ.

ಹಾಗೆಂದು ಇಲ್ಲಿಗೇ ಕೈಬಿಡುವಂತಿಲ್ಲ. ಈಗ ಪಕ್ಕದ ಗಿರಣಿಯವರು ನಿಮ್ಮ ಅಕ್ಕಿ ಮಾಡಿಕೊಟ್ಟು ಸಂಪಾದಿಸುತ್ತಿರುವಂತೆ ನೀವೂ ಹೊರಗಿನವರ ಅಕ್ಕಿಯನ್ನು ಕೂಲಿಗೆ ಮಾಡಿಕೊಡಬಹುದು. ವರ್ಷಕ್ಕೆ 8,000 ಕ್ವಿಂಟಲ್, ತಲಾ 30 ರೂಪಾಯಿಯಂತೆ 2.4 ಲಕ್ಷ, ಖರ್ಚು 60 ಸಾವಿರ ಕಳೆದು 1.8 ಲಕ್ಷ. ಇಷ್ಟು ಸಣ್ಣದಾಗಿ ಕಾಣುವ ಮೊತ್ತ ತೆರಿಗೆಯ ನಂತರ ಎಂಟು ವರ್ಷಕ್ಕೆ 6.1 ಲಕ್ಷದ ಇಂದಿನ ಬೆಲೆಯನ್ನು ಸೇರಿಸುತ್ತದೆ, ಎನ್‌ಪಿವಿ 4.3 ಲಕ್ಷ ಧನವಾಗುತ್ತದೆ. ಆದ್ದರಿಂದ ಯಂತ್ರದ ಬೆಲೆ ಚೌಕಾಸಿ ಮಾಡುವುದಕ್ಕಿಂತ ಮೊದಲು ಸುತ್ತಮುತ್ತಲಿನ ಸಣ್ಣ ಗಿರಣಿಗಳವರನ್ನು ಮಾತನಾಡಿಸಿ, ಅವರಲ್ಲಿ ಎಷ್ಟು ಜನ ಅಕ್ಕಿ ಕಳಿಸಲು ಒಪ್ಪುತ್ತಾರೆಂದು ತಿಳಿದುಕೊಳ್ಳುವುದು ಹೆಚ್ಚು ಫಲಕಾರಿ.

ಇನ್ನು ಅಪಾಯದ ಮಾತು. ಮೊದಲನೆಯದು ಬೆಲೆ. ಸಾರ್ಟೆಕ್ಸ್ ಅಕ್ಕಿಗೆ ಸಿಗುವ 60 ರೂಪಾಯಿ 50ಕ್ಕೆ ಇಳಿದರೆ ಎನ್‌ಪಿವಿ 9.2 ಲಕ್ಷ ಕುಸಿಯುತ್ತದೆ. ಕೂಲಿ ಕೆಲಸ ಸೇರಿಸಿಕೊಂಡರೂ 55 ರೂಪಾಯಿಗಿಂತ ಕೆಳಗೆ ಲಾಭವಿಲ್ಲ. ನಿಮ್ಮ ಭಾಗದ ಎಲ್ಲ ಗಿರಣಿಗಳೂ ಈ ಯಂತ್ರ ಹಾಕಿಕೊಂಡ ದಿನ ಆ ಹೆಚ್ಚಿನ ಬೆಲೆ ಉಳಿಯುವುದಿಲ್ಲ, ಆದರೆ ಅಂದು ಯಂತ್ರ ಇಲ್ಲದವರ ಅಕ್ಕಿಗೆ ಇಂದಿನ ಬೆಲೆಯೂ ಸಿಗುವುದಿಲ್ಲ. ಹೀಗಾಗಿ ಯಂತ್ರ ಕೊಳ್ಳದಿದ್ದರೆ ಇಂದಿನ ಆದಾಯ ಹಾಗೆಯೇ ಮುಂದುವರಿಯುತ್ತದೆ ಎಂಬ ಊಹೆಯೇ ತಪ್ಪಾಗಬಹುದು. ಸಾದಾ ಅಕ್ಕಿಯ ಬೆಲೆ ಇಳಿಯುತ್ತಿದೆಯೇ ಎಂಬುದನ್ನು ನಿಮ್ಮ ಮೂರು ವರ್ಷದ ಬಿಲ್ಲುಗಳಿಂದ ನೋಡಿ; ಇಳಿಯುತ್ತಿದ್ದರೆ ಮೇಲಿನ ಲೆಕ್ಕಕ್ಕಿಂತ ಯಂತ್ರ ಹೆಚ್ಚು ಬೆಲೆಬಾಳುತ್ತದೆ. ಈ ಉತ್ತರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಅಂಶ ಇದೇ, ಮತ್ತು ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಇದಕ್ಕೊಂದು ಸಾಲು ಇರುವುದಿಲ್ಲ.

ಎರಡನೆಯದು ನೀರು. ನಿಮ್ಮ ಭತ್ತ ತುಂಗಭದ್ರೆಯ ನಾಲೆಗಳದು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದದ್ದು, ಆಮೇಲೆ ಗೇಟುಗಳ ಬದಲಾವಣೆಯ ಕೆಲಸದಿಂದಾಗಿ ಎರಡನೆಯ ಬೆಳೆಯ ನೀರಿನ ಪ್ರಶ್ನೆ ಎದ್ದದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಎರಡನೆಯ ಬೆಳೆ ಇಲ್ಲದ ವರ್ಷ ಗಿರಣಿಯ ಕೆಲಸ ಶೇ 40ರಷ್ಟು ಕಡಿಮೆಯಾಗುತ್ತದೆ ಎಂದರೆ ತೆರಿಗೆಯ ನಂತರ ಸುಮಾರು 3.8 ಲಕ್ಷ ಖೋತಾ. ಯಂತ್ರ ತಂದ ಎರಡನೆಯ ವರ್ಷವೇ ಹಾಗಾದರೆ ಎನ್‌ಪಿವಿ 4.3ರಿಂದ 1.3 ಲಕ್ಷಕ್ಕೆ ಇಳಿಯುತ್ತದೆ. ಐದನೆಯ ವರ್ಷವೂ ಹಾಗೆಯೇ ಆದರೆ ಶೂನ್ಯಕ್ಕಿಂತ ಕೆಳಗೆ ಹೋಗುತ್ತದೆ.

ಬ್ಯಾಂಕಿನವರ ಡಿಎಸ್‌ಸಿಆರ್ ಬೆಲೆಬಾಳುವುದು ಇಲ್ಲಿಯೇ. 33 ಲಕ್ಷದ ಸಾಲವನ್ನು ಐದು ಸಮಾನ ಅಸಲು ಕಂತುಗಳಲ್ಲಿ ತೀರಿಸುವುದಾದರೆ ಎರಡನೆಯ ವರ್ಷ ಅಸಲು 6.6 ಲಕ್ಷ, ಬಡ್ಡಿ ಸುಮಾರು 2.8 ಲಕ್ಷ, ಒಟ್ಟು 9.4 ಲಕ್ಷ ಕಟ್ಟಬೇಕು. ಕೂಲಿ ಕೆಲಸವೂ ಸೇರಿ ಆ ವರ್ಷ ಯಂತ್ರದಿಂದ ತೆರಿಗೆ ಕಳೆದು (ಸವಕಳಿ, ಬಡ್ಡಿಯಿಂದ ಉಳಿಯುವ ತೆರಿಗೆಯೂ ಸೇರಿ) ಕೈಗೆ ಬರುವುದು 12.3 ಲಕ್ಷ, ಅನುಪಾತ 1.3ರ ಆಸುಪಾಸು, ಬ್ಯಾಂಕು ಒಪ್ಪಬಹುದು. ನೀರಿಲ್ಲದ ವರ್ಷ ಅದೇ ಅನುಪಾತ 0.9ಕ್ಕೆ ಇಳಿಯುತ್ತದೆ, ಕಂತಿಗೆ ಗಿರಣಿಯ ಉಳಿದ ಆದಾಯದಿಂದ ಸುಮಾರು 80 ಸಾವಿರ ತುಂಬಿಸಬೇಕಾಗುತ್ತದೆ. ಆದರೆ ಆ ವರ್ಷ ಗಿರಣಿಯ ಉಳಿದ ಆದಾಯವೂ ಕುಗ್ಗಿರುತ್ತದೆ. ಆದ್ದರಿಂದ ಐದು ವರ್ಷದ ಬದಲು ಏಳು ವರ್ಷದ ಅವಧಿ ಕೇಳಿ. ಒಟ್ಟು ಬಡ್ಡಿ ಸ್ವಲ್ಪ ಹೆಚ್ಚಾದರೂ ಕಂತು ಹಗುರಾಗುತ್ತದೆ. ಕೂಲಿ ಕೆಲಸಕ್ಕೆ ಕನಿಷ್ಠ ಇಬ್ಬರು ಗಿರಣಿಯವರ ಒಪ್ಪಿಗೆ ಸಿಕ್ಕರೆ ಕೊಳ್ಳಿ, ಸಿಗದಿದ್ದರೆ ಇನ್ನೊಂದು ಹಂಗಾಮು ಹೊರಗೇ ಮಾಡಿಸಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಘಟಕ ನಮ್ಮದು. 20 ಲಕ್ಷ ಹಾಕಿ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ ಕೊಂಡರೆ ತೆರಿಗೆ ಕಳೆದು ವರ್ಷಕ್ಕೆ 8 ಲಕ್ಷ. 75 ಲಕ್ಷ ಹಾಕಿ ಎರಡು ವಿಎಂಸಿ (ಲೋಹ ಕೊರೆದು ಆಕಾರ ಕೊಡುವ ಕಂಪ್ಯೂಟರ್ ನಿಯಂತ್ರಿತ) ಯಂತ್ರ ಹಾಗೂ ಹೊಸ ಶೆಡ್ ಮಾಡಿದರೆ 26 ಲಕ್ಷ. ಜಾಗ ಇರುವುದು ಒಂದಕ್ಕೆ ಮಾತ್ರ. ಎರಡಕ್ಕೂ ಐದು ವರ್ಷ ಹಿಡಿದು ಮಗಳು ಎಕ್ಸೆಲ್‌ನಲ್ಲಿ ನೋಡಿದಾಗ ಮೊದಲನೆಯದರ ಐಆರ್‌ಆರ್ (ಹೂಡಿಕೆಯ ಮೇಲೆ ವರ್ಷಕ್ಕೆ ಸಿಗುವ ಶೇಕಡಾವಾರು ಪ್ರತಿಫಲ) ಶೇ 28ಕ್ಕೂ ಹೆಚ್ಚು, ಎರಡನೆಯದರದು ಶೇ 22ರ ಒಳಗೆ ಬಂತು. ಲೇತ್ ಕೊಳ್ಳುವುದೇ ಸರಿ ತಾನೇ? ನಮ್ಮ ಬಂಡವಾಳದ ವೆಚ್ಚ ಶೇ 13.

ಉತ್ತರ: ಐಆರ್‌ಆರ್ ಹಾಕಿದ ಹಣದ ಮೇಲಿನ ಪ್ರತಿಫಲದ ವೇಗವನ್ನು ಹೇಳುತ್ತದೆ, ಎಷ್ಟು ಹಣದ ಮೇಲೆ ಎಂಬುದನ್ನು ಹೇಳುವುದಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕಾದಾಗ ಅದರಿಂದ ದಾರಿ ತಪ್ಪುವ ಸಾಧ್ಯತೆ ಹೆಚ್ಚು. ಶೇ 13ರ ದರದಲ್ಲಿ ಲೇತ್‌ನ ಎನ್‌ಪಿವಿ 8.1 ಲಕ್ಷ, ವಿಎಂಸಿಯದು 16.4 ಲಕ್ಷ. ಇನ್ನೊಂದು ರೀತಿಯಲ್ಲಿ ನೋಡಿ: ಲೇತ್ ಬಿಟ್ಟು ವಿಎಂಸಿಗೆ ಹೋಗುವಾಗ ನೀವು ಹೆಚ್ಚಿಗೆ ಹಾಕುವ 55 ಲಕ್ಷಕ್ಕೆ ವರ್ಷಕ್ಕೆ ಹೆಚ್ಚಿಗೆ ಬರುವುದು 18 ಲಕ್ಷ, ಅಂದರೆ ಶೇ 19ರಷ್ಟು ಪ್ರತಿಫಲ. ಆ 55 ಲಕ್ಷಕ್ಕೆ ಬೇರೆಲ್ಲೂ ಶೇ 19 ಸಿಗದಿದ್ದರೆ ವಿಎಂಸಿಯೇ ಮೇಲು.

ಮಗಳ ಎಕ್ಸೆಲ್ ಹಾಳೆಯಲ್ಲಿ ಒಂದನ್ನು ಪರೀಕ್ಷಿಸಲು ಹೇಳಿ. ಎಕ್ಸೆಲ್‌ನ ಎನ್‌ಪಿವಿ ಸೂತ್ರ ತನಗೆ ಕೊಟ್ಟ ಮೊದಲ ಮೊತ್ತವನ್ನು ಮೊದಲ ವರ್ಷದ ಕೊನೆಯದೆಂದು ತಿಳಿಯುತ್ತದೆ. ಇಂದೇ ಹಾಕುವ 20 ಲಕ್ಷವನ್ನೂ ಸೂತ್ರದ ಒಳಗೆ ಸೇರಿಸಿದರೆ 8.1 ಬರಬೇಕಾದಲ್ಲಿ 7.2 ಬರುತ್ತದೆ. ಮುಂದಿನ ವರ್ಷಗಳ ಮೊತ್ತಗಳನ್ನು ಮಾತ್ರ ಸೂತ್ರಕ್ಕೆ ಕೊಟ್ಟು, ಇಂದಿನ ಹೂಡಿಕೆಯನ್ನು ಹೊರಗೆ ಕಳೆಯಬೇಕು. ಐಆರ್‌ಆರ್ ಸೂತ್ರಕ್ಕೆ ಮಾತ್ರ ಇಂದಿನ ಹೂಡಿಕೆಯನ್ನೂ ಒಳಗೇ ಕೊಡಬೇಕು. ಗೊಂದಲ ಹುಟ್ಟುವುದು ಅದರಿಂದಲೇ.

ವಿಎಂಸಿಯ ಕೆಲಸವೆಲ್ಲ ಒಬ್ಬನೇ ಗಿರಾಕಿಯಿಂದ ಬರುವುದಾಗಿಯೂ, ಅವರು 90 ದಿನಕ್ಕೆ ಹಣ ಕೊಡುವುದಾಗಿಯೂ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನನ್ನ ಒಲವು ಸ್ವಲ್ಪ ಬದಲಾಗುವುದು ಅದನ್ನು ಓದಿ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಘಟಕಕ್ಕೆ ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ತಡ ಮಾಡುವಂತಿಲ್ಲ, ಆದರೆ ಒಬ್ಬನೇ ಗಿರಾಕಿಯ ಮೇಲೆ ನಿಂತವರು ಆ ಕಾಯ್ದೆಯನ್ನು ಬಾಯಿಬಿಟ್ಟು ಹೇಳುವುದು ಕಷ್ಟ. 90 ದಿನದ ಉದ್ದರಿಗೆ ಬೇಕಾದ ಹಣವನ್ನು 75 ಲಕ್ಷಕ್ಕೆ ಸೇರಿಸಿ, ಮೂರನೆಯ ವರ್ಷಕ್ಕೇ ಗಿರಾಕಿ ಬಿಟ್ಟುಹೋದರೆ ಯಂತ್ರಗಳನ್ನು ಎಷ್ಟಕ್ಕೆ ಮಾರಬಹುದೆಂದು ಕೇಳಿ ತಿಳಿದು, ಮತ್ತೊಮ್ಮೆ ಲೆಕ್ಕ ಹಾಕಿ. ಆಗಲೂ ವಿಎಂಸಿಯ ಎನ್‌ಪಿವಿ ಲೇತ್‌ಗಿಂತ ಹೆಚ್ಚಿದ್ದರೆ ಹಿಂಜರಿಯಬೇಡಿ.

ಪ್ರಶ್ನೆ: ಹಾಸನದಲ್ಲಿ ನಮ್ಮ ಬೇಕರಿಗೆ ರೋಟರಿ ಓವನ್ ಬೇಕು. ಡೀಸೆಲ್‌ನದು 5.5 ಲಕ್ಷ, ಆರು ವರ್ಷ ಬಾಳಿಕೆ, ಇಂಧನ ಮತ್ತು ರಿಪೇರಿ ವರ್ಷಕ್ಕೆ 4.1 ಲಕ್ಷ. ಗ್ಯಾಸಿನದು 8.5 ಲಕ್ಷ, ಹತ್ತು ವರ್ಷ ಬಾಳಿಕೆ, ಖರ್ಚು 3.7 ಲಕ್ಷ. ಆರು ವರ್ಷವನ್ನೂ ಹತ್ತು ವರ್ಷವನ್ನೂ ಹೋಲಿಸುವುದು ಹೇಗೆ?

ಉತ್ತರ: ಎರಡರಿಂದಲೂ ಒಂದೇ ಬಗೆಯ ಬ್ರೆಡ್ಡು, ಬನ್ನು ಬರುವುದಾದರೆ ಆದಾಯದ ಪ್ರಶ್ನೆ ಬೇಡ, ವರ್ಷದ ಸರಾಸರಿ ವೆಚ್ಚ ನೋಡಿದರೆ ಸಾಕು. ಆದರೆ ಬೆಲೆಯನ್ನು ವರ್ಷಗಳಿಂದ ಸುಮ್ಮನೆ ಭಾಗಿಸಿದರೆ ಬಡ್ಡಿ ಬಿಟ್ಟುಹೋಗುತ್ತದೆ. ಅದರ ಬದಲು ವರ್ಷಕ್ಕೆ 1 ರೂಪಾಯಿಯಂತೆ ಅಷ್ಟು ವರ್ಷ ಬರುವ ಹಣದ ಇಂದಿನ ಬೆಲೆಯಿಂದ, ಅಂದರೆ ಶೇ 12ರ ದರದಲ್ಲಿ ಆರು ವರ್ಷಕ್ಕೆ 4.111ರಿಂದ, ಹತ್ತು ವರ್ಷಕ್ಕೆ 5.650ರಿಂದ ಭಾಗಿಸಬೇಕು. ಡೀಸೆಲ್ ಓವನ್‌ಗೆ ವರ್ಷಕ್ಕೆ 1.34 ಲಕ್ಷದ ಬಂಡವಾಳ ವೆಚ್ಚ, ಖರ್ಚು ಸೇರಿ 5.44 ಲಕ್ಷ. ಗ್ಯಾಸಿನದಕ್ಕೆ 1.50 ಲಕ್ಷ, ಖರ್ಚು ಸೇರಿ 5.20 ಲಕ್ಷ. ಗ್ಯಾಸು ವರ್ಷಕ್ಕೆ ಸುಮಾರು 23 ಸಾವಿರ ಅಗ್ಗ. ಇದು ದೊಡ್ಡ ಅಂತರವಲ್ಲ. ಡೀಸೆಲ್ ಬೆಲೆ ನಿಂತಲ್ಲೇ ನಿಂತು ಗ್ಯಾಸಿನ ಓವನ್‌ನ ಖರ್ಚು ಮಾತ್ರ ಶೇ 6ರಷ್ಟು ಏರಿದರೂ ಅಳಿಸಿಹೋಗುತ್ತದೆ. ನಿಮ್ಮ ಅಂಗಡಿಯ ಬಾಡಿಗೆ ಕರಾರು ಐದೇ ವರ್ಷದ್ದಾಗಿದ್ದು, ಓವನ್ ಬಿಚ್ಚಿ ಸಾಗಿಸುವುದು ಕಷ್ಟವೆನಿಸಿದರೆ, ಅಗ್ಗದ ಡೀಸೆಲ್ ಓವನ್‌ನಲ್ಲಿ ಸಿಕ್ಕಿಕೊಳ್ಳುವ ಹಣ ಕಡಿಮೆ ಎಂಬುದೇ ದೊಡ್ಡ ಕಾರಣವಾಗುತ್ತದೆ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಪುಡಿ ಘಟಕ ಹಾಕಬೇಕೆಂದಿದ್ದೇನೆ. ಯಂತ್ರ, ಶೆಡ್ ಸೇರಿ 24 ಲಕ್ಷ. ವರ್ಷಕ್ಕೆ 250 ಕ್ವಿಂಟಲ್ ಮೆಣಸಿನಕಾಯಿ, ಕ್ವಿಂಟಲ್‌ಗೆ 20,000 ರೂಪಾಯಿಯಂತೆ. ವಹಿವಾಟು 80 ಲಕ್ಷ. ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಟ್ಟವರು ದುಡಿಯುವ ಬಂಡವಾಳ 3 ಲಕ್ಷ ಸಾಕು, ಪಿಎಂಎಫ್‌ಎಂಇ ಯೋಜನೆಯಲ್ಲಿ (ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರದ ನೆರವಿನ ಯೋಜನೆ) ಸಬ್ಸಿಡಿ ಬರುವುದರಿಂದ ನಷ್ಟದ ಮಾತೇ ಇಲ್ಲ ಎನ್ನುತ್ತಾರೆ.

ಉತ್ತರ: ಆ ಯೋಜನೆಯಲ್ಲಿ ಕೇಂದ್ರದ ನಿಯಮದಂತೆ ಅರ್ಹ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ ಸಬ್ಸಿಡಿ ಇದೆ, ನಿಮ್ಮ 24 ಲಕ್ಷಕ್ಕೆ 8.4 ಲಕ್ಷ. ಅರ್ಜಿ ಹಾಕುವ ಹೊತ್ತಿಗೆ ಯೋಜನೆ ಜಾರಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಇದು ಕೈಗೆ ಬರುವ ಹಣವಲ್ಲ. ನಿಮ್ಮ ಸಾಲದ ಖಾತೆಗೆ ಜೋಡಿಸಿ ಪ್ರತ್ಯೇಕವಾಗಿ ಇಟ್ಟಿರುತ್ತಾರೆ. ಮೂರು ವರ್ಷದ ನಂತರ ಘಟಕ ನಡೆಯುತ್ತಿದ್ದು, ಸಾಲದ ಖಾತೆ ಸುಸ್ತಿಯಾಗದೆ ಇದ್ದರೆ ಮಾತ್ರ ಸಾಲಕ್ಕೆ ಜಮಾ ಆಗುತ್ತದೆ. ಹಾಗಾಗಿ ಎನ್‌ಪಿವಿಯನ್ನು ಸಬ್ಸಿಡಿ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಹಾಕಿ. ಪ್ರತಿ ವರ್ಷ ಕಂತು ಕಟ್ಟುವಷ್ಟು ನಗದು ಹುಟ್ಟುತ್ತಿದ್ದು, ಬಂಡವಾಳ ದುಬಾರಿ ಎಂಬ ಕಾರಣಕ್ಕೆ ಮಾತ್ರ ಎನ್‌ಪಿವಿ ಋಣವಾಗಿದ್ದರೆ, ಸಬ್ಸಿಡಿ ಅದನ್ನು ನ್ಯಾಯವಾಗಿಯೇ ಸರಿಪಡಿಸುತ್ತದೆ. ಕಂತಿಗೇ ನಗದು ಸಾಲದಿದ್ದರೆ ಮೂರು ವರ್ಷ ದಾಟುವುದೇ ಇಲ್ಲ, ಸಬ್ಸಿಡಿಯೂ ಕೈಸೇರುವುದಿಲ್ಲ.

ನಿಮ್ಮ ನಿಜವಾದ ತೊಡಕು ಆ 3 ಲಕ್ಷ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮೆಣಸಿನಕಾಯಿ ಮುಖ್ಯವಾಗಿ ಬರುವುದು ವರ್ಷದ ಮೊದಲ ಕೆಲವು ತಿಂಗಳಲ್ಲಿ. ಒಳ್ಳೆಯ ಬಣ್ಣದ ಕಾಯಿಯನ್ನು ಆಗಲೇ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟುಕೊಳ್ಳದಿದ್ದರೆ ವರ್ಷಪೂರ್ತಿ ಒಂದೇ ಗುಣಮಟ್ಟದ ಪುಡಿ ಕೊಡಲಾಗದು. 250 ಕ್ವಿಂಟಲ್‌ಗೆ 50 ಲಕ್ಷ ಬೇಕು. ವರ್ಷವಿಡೀ ಸಮವಾಗಿ ಕರಗುತ್ತಾ ಹೋದರೂ ಸರಾಸರಿ 25 ಲಕ್ಷ ದಾಸ್ತಾನಿನಲ್ಲೇ ಇರುತ್ತದೆ. ಶೇ 11ರ ಬಡ್ಡಿಯಂತೆ ಅದಕ್ಕೇ ವರ್ಷಕ್ಕೆ 2.75 ಲಕ್ಷ, ಕೋಲ್ಡ್ ಸ್ಟೋರೇಜಿನ ಬಾಡಿಗೆ ಬೇರೆ. ಸಣ್ಣ ಘಟಕಗಳಿಗೆ ಬ್ಯಾಂಕುಗಳು ವಹಿವಾಟಿನ ಶೇ 20ರಂತೆ ದುಡಿಯುವ ಬಂಡವಾಳದ ಮಿತಿ ಕೊಡುವ ಪದ್ಧತಿಯಿದೆ, ನಿಮಗೆ 16 ಲಕ್ಷ ಸಿಗಬಹುದು. ಹಂಗಾಮಿನಲ್ಲಿ ಬೇಕಾದ 50 ಲಕ್ಷಕ್ಕೂ ಇದಕ್ಕೂ ಇರುವ ಅಂತರ 34 ಲಕ್ಷ, ಅಂದರೆ ಯಂತ್ರ ಮತ್ತು ಶೆಡ್ಡಿಗಿಂತ ಹೆಚ್ಚು.

ಆದ್ದರಿಂದ ಮೊದಲ ವರ್ಷ 80 ಕ್ವಿಂಟಲ್‌ಗೆ ಇಳಿಸಿ. ಅದಕ್ಕೆ 16 ಲಕ್ಷ ಬೇಕಾಗುತ್ತದೆ. ವಹಿವಾಟೂ ಇಳಿಯುವುದರಿಂದ ಬ್ಯಾಂಕಿನ ಮಿತಿ ಸುಮಾರು 5 ಲಕ್ಷಕ್ಕೆ ನಿಲ್ಲಬಹುದು, ಉಳಿದ 11 ಲಕ್ಷ ನಿಮ್ಮ ಕೈಯಿಂದ ಬರಬೇಕು. ಗಿರಣಿ ಖಾಲಿ ಇರುವ ದಿನಗಳಲ್ಲಿ ಬೇರೆಯವರ ಮೆಣಸಿನಕಾಯಿ, ಮಸಾಲೆಯನ್ನು ಕೂಲಿಗೆ ಬೀಸಿಕೊಡಿ. ಬ್ಯಾಂಕಿಗೆ ಹೋಗುವ ಮುನ್ನ ಹನ್ನೆರಡು ತಿಂಗಳ ಕಾಲಂ ಹಾಕಿ, ಯಾವ ತಿಂಗಳು ಎಷ್ಟು ಕಾಯಿ ಕೊಳ್ಳುವಿರಿ, ಎಷ್ಟು ಪುಡಿ ಮಾರುವಿರಿ, ಅದರ ಹಣ ಯಾವ ತಿಂಗಳು ಬರುತ್ತದೆ ಎಂದು ಬರೆಯಿರಿ. ತಿಂಗಳ ಕೊನೆಯ ಶಿಲ್ಕು ಯಾವ ತಿಂಗಳಲ್ಲಿ ಅತಿ ಹೆಚ್ಚು ಋಣವಾಗುತ್ತದೋ ಆ ಮೊತ್ತವನ್ನು 24 ಲಕ್ಷಕ್ಕೆ ಸೇರಿಸಿ, ಪ್ರಾಜೆಕ್ಟ್ ರಿಪೋರ್ಟಿನ 3 ಲಕ್ಷವನ್ನು ತೆಗೆದುಹಾಕಿ, ಆಮೇಲೆ ಎನ್‌ಪಿವಿ ಹಾಕಿ ನೋಡಿ.